ಸಜಾತಿ ಪದಗಳನ್ನು ಕೂಡಿಸುವುದು ಹೇಗೆ?

ಬೀಜೋಕ್ತಿಯ ಪಾಠ ಬಂದಾಗ ಅನೇಕ ಮಕ್ಕಳು ತಡವರಿಸುತ್ತಾರೆ. ಅಂಕಿಗಳ ನಡುವೆ ಅಕ್ಷರ ಯಾಕೆ ಬಂತು ಎಂಬುದೇ ಮೊದಲ ಪ್ರಶ್ನೆ. ಹೇಳಿಕೊಡಲು ಕುಳಿತ ತಂದೆ-ತಾಯಿಗೂ ಅದೇ ಸಂಶಯ. ಅಕ್ಷರವೆಂದರೆ ನಮಗಿನ್ನೂ ಗೊತ್ತಿಲ್ಲದ ಒಂದು ಸಂಖ್ಯೆ, ಅಷ್ಟೇ. ಅದಕ್ಕೆ ಚರಾಕ್ಷರ ಎನ್ನುತ್ತಾರೆ. ಪಠ್ಯದಲ್ಲಿ ಎಕ್ಸ್, ವೈ ಎಂದಿರುತ್ತದೆ. ಇಲ್ಲಿ ಅ, ಬ ಎಂದು ಬರೆಯೋಣ.

ಹಿಂಗಾರಿ ರಾಶಿ ಮುಗಿಸಿದ ರೈತರೊಬ್ಬರು ಅಣ್ಣಿಗೇರಿಯ ಮಾರುಕಟ್ಟೆಗೆ ಮಾಲು ಒಯ್ಯುತ್ತಾರೆ ಎನ್ನಿ. ಕಡಲೆಯ ಪ್ರತಿ ಚೀಲ ಅ ಕೆಜಿ, ಜೋಳದ ಪ್ರತಿ ಚೀಲ ಬ ಕೆಜಿ. ಮೊದಲು 5 ಚೀಲ ಕಡಲೆ, 3 ಚೀಲ ಜೋಳ ಹೇರಿದರು. ಆಮೇಲೆ ಇನ್ನೂ 4 ಚೀಲ ಕಡಲೆ ಹೇರಿ, ಮನೆ ಖರ್ಚಿಗೆಂದು 1 ಚೀಲ ಜೋಳ ಇಳಿಸಿದರು. ಬಿಡಿ ಕಾಳು 20 ಕೆಜಿ ಸೇರಿತು. ಒಟ್ಟು ತೂಕ:

5ಅ + 3ಬ + 4ಅ − ಬ + 20

ಇದೇ ಬೀಜೋಕ್ತಿ. ಇದರ ಒಂದೊಂದು ಭಾಗವೂ ಒಂದು ಪದ. ಅಕ್ಷರದ ಎಡಗಡೆಯ ಅಂಕಿ ಸಹಗುಣಕ. ಅಕ್ಷರವೂ ಅದರ ಘಾತವೂ ಒಂದೇ ಆಗಿದ್ದರೆ ಅವು ಸಜಾತಿ ಪದಗಳು.

ಮಾಡುವ ಕ್ರಮ

ಮೊದಲು ಸಜಾತಿ ಪದಗಳನ್ನು ಹತ್ತಿರ ತನ್ನಿ. ಪದದ ಎಡಗಡೆಯ ಚಿಹ್ನೆ ಆ ಪದದ್ದೇ. ಅದನ್ನು ಬಿಟ್ಟು ಬರಬೇಡಿ.

5ಅ + 4ಅ + 3ಬ − ಬ + 20

ಈಗ ಸಹಗುಣಕಗಳನ್ನಷ್ಟೇ ಕೂಡಿಸಿ, ಕಳೆಯಿರಿ. ಬರಿಯ ಬ ಎಂದರೆ 1ಬ. ಉತ್ತರ: 9ಅ + 2ಬ + 20.

ಹೀಗೆ ಕೂಡಿಸಬಹುದು ಎಂಬುದಕ್ಕೆ ಆಧಾರವೇನು? 60ನ್ನು 5 ಸಲ, ಮತ್ತೆ 4 ಸಲ ತೆಗೆದುಕೊಂಡರೆ ಒಟ್ಟು 9 ಸಲ ಆಯಿತು. 60ರ ಬದಲು ಯಾವ ಸಂಖ್ಯೆ ಇದ್ದರೂ ಇದು ಸತ್ಯ. ಇದನ್ನು ವಿಭಾಜಕ ನಿಯಮ ಎನ್ನುತ್ತಾರೆ.

ಇಲ್ಲಿ ಒಂದು ಎಚ್ಚರ. ಅ ಎಂದರೆ ಕಡಲೆಯೂ ಅಲ್ಲ, ಚೀಲವೂ ಅಲ್ಲ. ಒಂದು ಚೀಲದ ತೂಕ. ಇದು ಮನದಟ್ಟಾದರೆ ಮುಂದಿನ ಪಾಠಗಳು ಹಗುರಾಗುತ್ತವೆ.

ಸಾಮಾನ್ಯ ಸಂಶಯಗಳು

9ಅ + 2ಬ ಸೇರಿಸಿ 11ಅಬ ಎಂದು ಬರೆಯಬಹುದೇ? ಬಾರದು. ಅ 60, ಬ 100 ಇಟ್ಟು ನೋಡಿ. ಮೊದಲನೆಯದು 740, ಎರಡನೆಯದು 66,000.

ಅ ಮತ್ತು ಅ² ಸಜಾತಿಯೇ? ಅಲ್ಲ. ಅ 10 ಆದರೆ ಅ² 100. ಆದರೆ ಅಬ ಮತ್ತು ಬಅ ಸಜಾತಿ. ಗುಣಾಕಾರದಲ್ಲಿ ಹಿಂದು-ಮುಂದಾದರೆ ಬೆಲೆ ಬದಲಾಗದು.

ಆವರಣದ ಮುಂದೆ ಕಳೆಯುವ ಚಿಹ್ನೆ ಇದ್ದರೆ? ಒಳಗಿನ ಎಲ್ಲ ಚಿಹ್ನೆಗಳೂ ಬದಲಾಗುತ್ತವೆ. 7ಅ − (2ಅ − 5) ಎಂದರೆ 7ಅ − 2ಅ + 5, ಅಂದರೆ 5ಅ + 5.

ಉತ್ತರ ಸರಿಯೇ ಎಂದು ತಿಳಿಯಲು ಅಕ್ಷರದ ಜಾಗದಲ್ಲಿ ಒಂದು ಸಂಖ್ಯೆ ಇಡಿ. ಮೇಲಿನ ಲೆಕ್ಕದಲ್ಲಿ ಅ 10 ಆದರೆ 70 − 15, ಅಂದರೆ 55. ಉತ್ತರದಲ್ಲಿಟ್ಟರೆ 50 + 5, ಅದೂ 55. ಎರಡೂ ಬೇರೆ ಬಂದರೆ ಎಲ್ಲೋ ತಪ್ಪಿದೆ ಎಂದೇ ಅರ್ಥ. 0, 1 ಮಾತ್ರ ಇಡಬೇಡಿ. ಅವುಗಳಿಗೆ ಅ, ಅ² ಎರಡೂ ಒಂದೇ ಆಗಿ ತಪ್ಪು ಮುಚ್ಚಿಹೋಗಬಹುದು.

ಸಜಾತಿ ಪದಗಳನ್ನಷ್ಟೇ ಕೂಡಿಸುವ ನಿಯಮ ನಮ್ಮಲ್ಲಿ ಹಳೆಯದು. 12ನೆಯ ಶತಮಾನದ ಭಾಸ್ಕರಾಚಾರ್ಯರು ‘ಬೀಜಗಣಿತ’ದಲ್ಲಿ ಗೊತ್ತಿಲ್ಲದ ಸಂಖ್ಯೆಗಳಿಗೆ ಕಾಲಕ, ನೀಲಕ ಎಂದು ಬಣ್ಣಗಳ ಹೆಸರಿಟ್ಟು, ಒಂದೇ ಜಾತಿಯವನ್ನು ಕೂಡಿಸಬೇಕು, ಬೇರೆಯವನ್ನು ಬೇರೆಯಾಗಿಯೇ ಇಡಬೇಕು ಎಂದಿದ್ದಾರೆ.

ಕಲಿಯಲು ಖರ್ಚು ಎಷ್ಟು, ಪುಸ್ತಕ ಎಲ್ಲಿ ಸಿಗುತ್ತದೆ?

ಒಂದು ನೋಟ್‌ಬುಕ್, ಒಂದು ಪೆನ್ಸಿಲ್ ಸಾಕು. ಸರ್ಕಾರಿ ಶಾಲೆಯ ಮಕ್ಕಳಿಗೆ ಪಠ್ಯಪುಸ್ತಕ ಉಚಿತ. ಕರ್ನಾಟಕ ಪಠ್ಯಪುಸ್ತಕ ಸಂಘದ ಜಾಲತಾಣದಿಂದಲೂ ಅದನ್ನು ದುಡ್ಡಿಲ್ಲದೆ ಇಳಿಸಿಕೊಳ್ಳಬಹುದು. ಶಾಲಾ ಪಾಠಗಳಿರುವ ದೀಕ್ಷಾ ಆ್ಯಪ್‌ಗೂ ಹಣ ಕೊಡಬೇಕಿಲ್ಲ. ಮೊಬೈಲ್ ಇಲ್ಲದವರು ಶಾಲೆಯ ಗಣಿತದ ಗುರುಗಳನ್ನು ಕೇಳಿ.

ದಿನಕ್ಕೆ ನಾಲ್ಕೈದು ಲೆಕ್ಕ ಮಾಡಿಸಿ. ಉತ್ತರ ಸರಿಯೋ ತಪ್ಪೋ ಎಂದು ನೀವು ಹೇಳಬೇಡಿ. ಸಂಖ್ಯೆ ಇಟ್ಟು ಮಕ್ಕಳೇ ಪರೀಕ್ಷಿಸಲಿ.