ಎರಡು ಮಿಲಿಮೀಟರಿನ ಅಂತರ

ಮಳೆಗಾಲದಲ್ಲಿ ಭಟ್ಕಳದಿಂದ ಹೊನ್ನಾವರ, ಕುಮಟಾಗಳ ಕಡೆಗೆ ಹಳೆಯ ಕಾರನ್ನು ನಡೆಸಿದವರಿಗೆ ಬ್ರೇಕಿನ ಮಹತ್ವವನ್ನು ಬೇರೆಯಾಗಿ ಹೇಳಬೇಕಾಗಿಲ್ಲ. ತಗ್ಗಿನಲ್ಲಿ ನಿಂತ ನೀರನ್ನು ದಾಟಿ ಮೇಲೆ ಬಂದು ಕಾಲೊತ್ತಿದರೆ ಗಾಡಿ ನಿಲ್ಲಲು ಒಪ್ಪುವುದಿಲ್ಲ. ಕುಮಟಾ–ಶಿರಸಿಗಳ ನಡುವಿನ ದೇವಿಮನೆ ಘಟ್ಟ ಇಳಿಯುವಾಗ ಕಷ್ಟ ಬೇರೆ ತರಹದ್ದು. ಅಲ್ಲಿ ನೀರಲ್ಲ, ಕಾವು ಶತ್ರು. ಬಯಲುಸೀಮೆಯ ಹತ್ತಿಯನ್ನು ಹೊತ್ತ ಎತ್ತಿನ ಗಾಡಿಗಳು ಒಂದು ಕಾಲಕ್ಕೆ ಕುಮಟಾ ಬಂದರಿಗೆ ಇಳಿಯುತ್ತಿದ್ದ ದಾರಿ ಅದು.

ಹಳೆಯ ಕಾರುಗಳ ಡ್ರಮ್ ಬ್ರೇಕು ಮುಚ್ಚಿದ ಡಬ್ಬಿಯಂಥದು. ಒಳಗಿನ ಲೈನರುಗಳು ಹೊರಕ್ಕೆ ಹಿಗ್ಗಿ ಡಬ್ಬಿಯ ಗೋಡೆಯನ್ನು ಉಜ್ಜುತ್ತವೆ. ಒಳಹೊಕ್ಕ ನೀರು ಬೇಗ ಹೊರಬರದು, ಹುಟ್ಟಿದ ಕಾವೂ ಬೇಗ ಆರದು. ಡಿಸ್ಕ್ ಬ್ರೇಕಿನಲ್ಲಾದರೋ ಚಕ್ರದೊಡನೆ ತಿರುಗುವ ಬಿಲ್ಲೆಯೊಂದನ್ನು ಕ್ಯಾಲಿಪರ್ ಎಂಬ ಹಿಡಿಕೆ ಎರಡೂ ಕಡೆಯಿಂದ ಅದುಮುತ್ತದೆ. ಬಿಲ್ಲೆ ಗಾಳಿಗೆ ತೆರೆದಿರುವುದರಿಂದ ನೀರು ಸಿಡಿದುಹೋಗುತ್ತದೆ, ಕಾವು ಆರುತ್ತದೆ. (ಕಡಲ ಕರೆಯ ಉಪ್ಪುಗಾಳಿಗೆ ಆ ಬಿಲ್ಲೆ ರಾತ್ರಿ ಬೆಳಗಾಗುವುದರೊಳಗೆ ಕೆಂಪಾಗುತ್ತದೆ, ನಿಜ, ಮೊದಲ ಒತ್ತಿಗೇ ಆ ತುಕ್ಕು ಉಜ್ಜಿಹೋಗುತ್ತದೆ.) ಆದ್ದರಿಂದಲೇ ಹಳೆಯ ಕಾರನ್ನು ಅಕ್ಕರೆಯಿಂದ ಉಳಿಸಿಕೊಂಡವರು ಹೊಸ ಕಾರೊಂದರ ಡಿಸ್ಕನ್ನು ಅದಕ್ಕೆ ಜೋಡಿಸುವ ಯೋಚನೆ ಮಾಡುತ್ತಾರೆ. ಯೋಚನೆ ತಪ್ಪಲ್ಲ. ತೊಡಕಿರುವುದು ಚಕ್ರದ ತೂತುಗಳಲ್ಲಿ.

ಎತ್ತಿನ ಗಾಡಿಯ ಗುಂಬಕ್ಕೆ ಸಮನಾದ ನಡುಭಾಗವನ್ನು ಮೋಟಾರಿನವರು ಹಬ್ ಎನ್ನುತ್ತಾರೆ. ಹಬ್ಬಿಗೆ ಚಕ್ರವನ್ನು ಬಿಗಿಯುವ ಬೋಲ್ಟುಗಳ ನಡುಬಿಂದುಗಳನ್ನು ಮುಟ್ಟಿಕೊಂಡು ಒಂದು ವೃತ್ತವನ್ನು ಎಳೆದರೆ ಅದರ ವ್ಯಾಸವೇ ಪಿ.ಸಿ.ಡಿ. ನಾಲ್ಕು ಬೋಲ್ಟಿನ ಚಕ್ರದಲ್ಲಿ ಎದುರುಬದುರು ತೂತುಗಳ ನಡುವಿನ ದೂರವೇ ಈ ವ್ಯಾಸ. ಐದರ ಚಕ್ರದಲ್ಲಿ ಎದುರಿಗೆ ತೂತೇ ಇಲ್ಲವಲ್ಲ. ಅಲ್ಲಿ ಅಕ್ಕಪಕ್ಕದ ಎರಡು ತೂತುಗಳ ನಡುವಣ ದೂರವನ್ನು ಅಳೆದು 1.701ರಿಂದ ಗುಣಿಸಬೇಕು. ಜೀಪಿನ ಚಕ್ರದಲ್ಲಿ ಈ ದೂರ ಸುಮಾರು 82.1 ಮಿ.ಮೀ.; ಗುಣಿಸಿದರೆ 139.7, ಅಂದರೆ ಐದೂವರೆ ಇಂಚು. ಮಾರುತಿ ಜಿಪ್ಸಿಯದೂ ಅದೇ ವೃತ್ತ. ಜೀಪಿನ ಒಡೆಯನಿಗೆ ಇಷ್ಟರಮಟ್ಟಿಗೆ ಅದೃಷ್ಟ. ಆದರೂ ನಡುರಂಧ್ರ, ಬೋಲ್ಟಿನ ದಪ್ಪ, ಬೇರಿಂಗು ಇವನ್ನೆಲ್ಲ ಒಂದೊಂದಾಗಿ ಅಳೆಯದೆ ಗತ್ಯಂತರವಿಲ್ಲ.

1974ರಲ್ಲಿ ಪದ್ಮಿನಿಯೆಂಬ ಹೆಸರು ಪಡೆದ ಫಿಯೆಟ್ ಕಾರಿನ ಒಡೆಯನಿಗೆ ಆ ಅದೃಷ್ಟವಿಲ್ಲ. ಫಿಯೆಟ್ ವಂಶದ ರೂಢಿ ನಾಲ್ಕು ಬೋಲ್ಟು, 98 ಮಿ.ಮೀ. ಮಾರುತಿ 800ರದು ನಾಲ್ಕು ಬೋಲ್ಟು, 114.3. ಇಲ್ಲಿ ಮೋಸವಿಲ್ಲ, ಕೂಡುವುದಿಲ್ಲವೆಂಬುದು ಕಣ್ಣಿಗೇ ಕಾಣುತ್ತದೆ. ಮೋಸವಿರುವುದು ಮಾರುತಿ ಜೆನ್ ಮೊದಲಾದ ಕಾರುಗಳ 100ರಲ್ಲಿ. 98ಕ್ಕೂ 100ಕ್ಕೂ ಅಂತರ ಎರಡೇ ಮಿಲಿಮೀಟರು. ಒಂದೊಂದು ಬೋಲ್ಟಿನ ಪಾಲಿಗೆ ಒಂದೇ. ತೂತನ್ನು ಕೊಂಚ ಅರಗೊರೆದು ತೆಗೆದು, ಪಾನದಿಂದ ಎಳೆದು ಬಿಗಿದರೆ ಚಕ್ರ ಕೂತಂತೆಯೇ ತೋರುತ್ತದೆ.

ಕೂತಂತೆ ತೋರುವುದಕ್ಕೂ ಕೂತಿರುವುದಕ್ಕೂ ಇರುವ ಭೇದವೇ ಇಲ್ಲಿನ ಮುಖ್ಯ ಮಾತು. ಕಾರಿನ ಭಾರವನ್ನು ಬೋಲ್ಟುಗಳು ಕೋಲಿನಂತೆ ಹೊರುತ್ತವೆಂದು ನಾವು ಭಾವಿಸುತ್ತೇವೆ. ಹಾಗಲ್ಲ. ಬೋಲ್ಟುಗಳು ಚಕ್ರವನ್ನು ಹಬ್ಬಿಗೆ ಒತ್ತಿ ಹಿಡಿಯುತ್ತವೆ. ಆ ಒತ್ತಡದಿಂದ ಎರಡು ಲೋಹಗಳ ನಡುವೆ ಹುಟ್ಟುವ ಘರ್ಷಣೆಯೇ ಭಾರವನ್ನೂ ಬ್ರೇಕಿನ ಎಳೆತವನ್ನೂ ತಡೆಯುತ್ತದೆ. ಓರೆಯಾಗಿ ಎಳೆದ ಬೋಲ್ಟಿನ ಶಂಕುವಿನಾಕಾರದ ತಲೆ ತನ್ನ ಗುಳಿಯಲ್ಲಿ ಸುತ್ತಲೂ ಕೂರುವುದಿಲ್ಲ, ಒಂದೇ ಬದಿಗೆ ತಾಗಿರುತ್ತದೆ. ಓಡಿದಂತೆಲ್ಲ ಆ ಬದಿ ಸವೆದು ಬಿಗಿ ಸಡಿಲುತ್ತದೆ. ಬಿಗಿ ಸಡಿಲಿದಾಗ ಚಕ್ರದ ಒಂದೊಂದು ಸುತ್ತಿಗೂ ಬೋಲ್ಟು ಅತ್ತಿತ್ತ ಬಾಗುತ್ತದೆ. ಬಾಗಿ ಬಾಗಿ ಒಂದು ದಿನ ಮುರಿಯುತ್ತದೆ. ಅದು ಅಂಗಳದಲ್ಲಿ ಮುರಿಯುವುದಿಲ್ಲ, ತಿರುವಿನಲ್ಲಿ ಮುರಿಯುತ್ತದೆ.

ಹಾಗಾದರೆ ದಾರಿ? ಡಿಸ್ಕು, ಹಬ್ಬುಗಳಲ್ಲಿ ಹೊಸ ತೂತು ಕೊರೆಸುವುದು ಒಂದು. 98 ಮತ್ತು 100ರ ತೂತುಗಳು ಒಂದರ ಮೇಲೊಂದು ಬಿದ್ದು ಉದ್ದನೆಯ ಗಾಯವಾಗುವುದರಿಂದ, ಹೊಸವನ್ನು 45 ಅಂಶ ತಿರುಗಿಸಿ ಹಳೆಯವುಗಳ ನಡುವೆ ಕೊರೆಯಬೇಕು. ಅಂಚಿನಲ್ಲಿ ಸಾಕಷ್ಟು ಲೋಹ ಉಳಿಯುವುದೇ ಎಂದು ಮೊದಲೇ ನೋಡಬೇಕು. ಇದು ಕೈ ಡ್ರಿಲ್ಲಿನ ಕೆಲಸವಲ್ಲ. ಕೋನ ಅಳೆದು ತಿರುಗಿಸುವ ಮೇಜುಳ್ಳ ಮಿಲ್ಲಿಂಗ್ ಯಂತ್ರದ ಕೆಲಸ. ಎರಡನೆಯದು ಅಡಾಪ್ಟರ್ ಎಂಬ ದಪ್ಪ ಬಿಲ್ಲೆ: ಹಬ್ಬಿಗೆ ಹಳೆಯ ವೃತ್ತದಲ್ಲಿ ಬಿಗಿದು, ಚಕ್ರಕ್ಕೆ ಹೊಸ ವೃತ್ತವನ್ನು ಒದಗಿಸುವಂಥದು. ಸುಲಭವೇನೋ ಹೌದು. ಆದರೆ ಬಿಲ್ಲೆಯ ದಪ್ಪದಷ್ಟು ಚಕ್ರ ಹೊರಕ್ಕೆ ಸರಿದು ಬೇರಿಂಗಿಗೆ ಹೊರೆ ಹೆಚ್ಚುತ್ತದೆ, ತಿರುವಿನಲ್ಲಿ ಟೈರು ಮಡ್‌ಗಾರ್ಡಿಗೆ ಉಜ್ಜುತ್ತದೆ. ನನಗೆ ಮೊದಲನೆಯದೇ ಮೇಲೆನಿಸುತ್ತದೆ. ಯಾವುದನ್ನು ಆರಿಸಿದರೂ ಹಿಂದಿನ ಹಬ್ಬುಗಳಿಗೂ ಅದೇ ವೃತ್ತ ಬರಬೇಕು. ಮುಂದೊಂದು ಹಿಂದೊಂದು ಆದರೆ ಡಿಕ್ಕಿಯಲ್ಲಿರುವ ಒಂದು ಸ್ಟೆಪ್ನಿ ಎರಡಕ್ಕೂ ಆಗದು. ಘಟ್ಟದ ನಡುವೆ, ಇರುಳಿನಲ್ಲಿ, ಮಳೆಯಲ್ಲಿ ಟೈರು ಪಂಕ್ಚರಾದವನಿಗೆ ಇದರ ಅರ್ಥ ತಿಳಿಯುತ್ತದೆ.

ಚಕ್ರ ಕೂತಮೇಲೂ ಕೆಲಸ ಉಳಿದಿದೆ. ಡ್ರಮ್ ಬ್ರೇಕಿನ ಕೊಳವೆಯಲ್ಲಿ ಸದಾ ಕೊಂಚ ಒತ್ತಡ ಹಿಡಿದಿಡುವ ಕವಾಟವಿರುತ್ತದೆ; ಅದನ್ನು ಹಾಗೆಯೇ ಬಿಟ್ಟರೆ ಡಿಸ್ಕು ಬಿಡುವಿಲ್ಲದೆ ಉಜ್ಜಿ ಕಾಯುತ್ತದೆ. ಕಾಲಿನ ಒತ್ತಡವೂ ಹೆಚ್ಚು ಬೇಕಾಗುವುದರಿಂದ ಮಾಸ್ಟರ್ ಸಿಲಿಂಡರನ್ನು ಹೊಂದಿಸಬೇಕು. 1988ರ ಮೋಟಾರು ವಾಹನ ಕಾಯಿದೆಯ 52ನೆಯ ಕಲಮು ತಯಾರಕರ ಮೂಲ ವಿವರಗಳಿಂದ ವಾಹನವನ್ನು ಬದಲಿಸುವುದಕ್ಕೆ ಕಟ್ಟುಪಾಡು ಹಾಕಿದೆ; ನಂಬರು ಫಲಕದಲ್ಲಿ ‘ಕೆಎ 47’ ಇರುವವರು ಕೆಲಸಕ್ಕೆ ಮೊದಲೇ ಹೊನ್ನಾವರದ ಸಾರಿಗೆ ಕಚೇರಿಯಲ್ಲಿ ವಿಚಾರಿಸುವುದು ಮೇಲು.

ಹೊಸದಾಗಿ ಬಿಗಿದ ಬೋಲ್ಟುಗಳು ಮೊದಲ ಓಟದಲ್ಲಿ ಕೊಂಚ ತಗ್ಗಿ ಕೂರುತ್ತವೆ. ಭಟ್ಕಳದಲ್ಲಿ ಚಕ್ರ ಕಟ್ಟಿಸಿದವರು ಹೆದ್ದಾರಿ 66ರಲ್ಲಿ ನಿಧಾನವಾಗಿ ಕುಮಟಾ ತಲುಪಿ, ಚಕ್ರಗಳು ಆರುವವರೆಗೆ ಕಾದು, ಎದುರುಬದುರಿನ ಕ್ರಮದಲ್ಲಿ ನಾಲ್ಕನ್ನೂ ಮತ್ತೊಮ್ಮೆ ಬಿಗಿದು, ಆಮೇಲೆ ದೇವಿಮನೆ ಘಟ್ಟದ ಕಡೆಗೆ ತಿರುಗಲಿ.