ಕಿವಿಗೂ ತೆರೆಯಲಿ ಜಾಲತಾಣ

ಪಹಣಿ, ಪಿಂಚಣಿ, ಪರೀಕ್ಷೆಯ ಫಲಿತಾಂಶ: ಗದಗ ತಾಲ್ಲೂಕಿನ ಕುರ್ತಕೋಟಿಯಂಥ ಊರಿಗೂ ಇವತ್ತು ಇವೆಲ್ಲ ಮೊಬೈಲ್‌ನಲ್ಲೇ ಬರುತ್ತವೆ. ಕಣ್ಣು ಕಾಣದವರಿಗೆ ಆ ಪುಟಗಳನ್ನು ಓದಿ ಹೇಳಲು ಸ್ಕ್ರೀನ್ ರೀಡರ್ ಇದೆ. ಆದರೆ ಸುತ್ತೋಲೆಯನ್ನು ಸ್ಕ್ಯಾನ್ ಮಾಡಿ ಹಾಕಿದ್ದರೆ ಅದು ‘ಚಿತ್ರ’ ಎಂದಷ್ಟೇ ಹೇಳಿ ಸುಮ್ಮನಾಗುತ್ತದೆ. ಗುಂಡಿಗಳಿಗೆ ಹೆಸರು ಕೊಟ್ಟಿರದಿದ್ದರೆ ‘ಬಟನ್, ಬಟನ್’ ಎನ್ನುತ್ತ ಹೋಗುತ್ತದೆ. ಅರ್ಜಿ ಸಲ್ಲಿಸುವ ಗುಂಡಿ ಯಾವುದು, ರದ್ದು ಮಾಡುವುದು ಯಾವುದು, ತಿಳಿಯುವುದಿಲ್ಲ.

ಬೆರಳಿಗೂ ಕಿವಿಗೂ ವಿದ್ಯೆ ದಾಟಿಸುವುದು ಈ ಸೀಮೆಗೆ ಹೊಸತಲ್ಲ. ಅಂಧರಾಗಿದ್ದ ಪಂಚಾಕ್ಷರಿ ಗವಾಯಿಗಳು ಗದಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಅಂಧ ಮಕ್ಕಳಿಗೆ ಅನ್ನವಿಟ್ಟು ಸಂಗೀತ ಕಲಿಸಿದರು. 1944ರಲ್ಲಿ ಅವರು ತೀರಿಕೊಂಡ ಮೇಲೆ ಆ ಹೊಣೆ ಹೊತ್ತ ಪುಟ್ಟರಾಜ ಗವಾಯಿಗಳೂ ಅಂಧರೇ. 2010ರಲ್ಲಿ ಅಗಲುವವರೆಗೂ ಅವರು ಕಲಿಸಿದರು, ಗ್ರಂಥಗಳನ್ನು ರಚಿಸಿದರು.

ಫ್ರಾನ್ಸಿನ ಲೂಯಿ ಬ್ರೈಲ್ ಆರು ಚುಕ್ಕಿಗಳ ಲಿಪಿ ರೂಪಿಸಿದ್ದು 1824ರಲ್ಲಿ. 1951ರಲ್ಲಿ ಭಾರತಿ ಬ್ರೈಲ್ ಒಪ್ಪಿತವಾಗಿ ನಮ್ಮ ಭಾಷೆಗಳೂ ಆ ಚುಕ್ಕಿಗಳಲ್ಲಿ ಕೂತವು. ಜಾಲತಾಣಗಳು ಎಲ್ಲರಿಗೂ ಒದಗಬೇಕೆಂಬ ಜಾಗತಿಕ ಮಾರ್ಗಸೂಚಿ ಬಂದದ್ದು 1999ರಲ್ಲಿ. ಚಿತ್ರಕ್ಕೆ ಅಕ್ಷರದ ವಿವರಣೆ ಇರಲಿ, ಮೌಸ್ ಇಲ್ಲದೆ ಕೀಲಿಮಣೆಯಿಂದಲೇ ಪುಟವೆಲ್ಲ ಓಡಾಡುವಂತಿರಲಿ ಎಂಬುವು ಅದರ ಮುಖ್ಯ ಮಾತುಗಳು. 2006ರಲ್ಲಿ ಆಸ್ಟ್ರೇಲಿಯಾದ ಅಂಧ ಯುವಕ ಮೈಕಲ್ ಕರನ್ ‘ಎನ್‌ವಿಡಿಎ’ ಎಂಬ ಸ್ಕ್ರೀನ್ ರೀಡರ್ ಆರಂಭಿಸಿ ಉಚಿತವಾಗಿ ಹಂಚಿದರು. ಅದೀಗ ಕನ್ನಡವನ್ನೂ ಓದುತ್ತದೆ.

ಕನ್ನಡಕ್ಕೆ ಇನ್ನೊಂದು ತೊಡಕಿತ್ತು. ಹಳೆಯ ಫಾಂಟ್‌ಗಳಲ್ಲಿ ಕಣ್ಣಿಗೆ ‘ಕ’ ಕಂಡರೂ ಒಳಗಿರುತ್ತಿದ್ದುದು ಇಂಗ್ಲಿಷಿನ ಸಂಕೇತ. ಯಂತ್ರ ಓದತೊಡಗಿದರೆ ಬರೀ ಗೊಂದಲ. ಯುನಿಕೋಡ್ ಪ್ರತಿ ಕನ್ನಡ ಅಕ್ಷರಕ್ಕೂ ಅದರದೇ ಗುರುತು ಕೊಟ್ಟಿತು. ಆಗ ಯಂತ್ರದ ಬಾಯಲ್ಲೂ ‘ಕ’ ಎಂದರೆ ‘ಕ’ ಆಯಿತು.

ಸರ್ಕಾರಿ ಜಾಲತಾಣಗಳಿಗೆ ಕೇಂದ್ರದ ಮಾರ್ಗಸೂಚಿ 2009ರಲ್ಲಿ ಬಂತು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಜಾಲತಾಣಗಳು ಎಲ್ಲರಿಗೂ ಒದಗುವುದನ್ನು ಹಕ್ಕಾಗಿಸಿತು. ಆಸಿಡ್ ದಾಳಿಗೆ ತುತ್ತಾದವರಿಗೆ ಬ್ಯಾಂಕಿನ ಗುರುತು ಪರಿಶೀಲನೆಗೆ (ಕೆವೈಸಿ) ಬೇಕಾದಂತೆ ಕಣ್ಣು ಮಿಟುಕಿಸಲಾಗದ ಸಂಕಟ ಸುಪ್ರೀಂ ಕೋರ್ಟಿನ ಮೆಟ್ಟಿಲೇರಿತು. ಡಿಜಿಟಲ್ ಸೇವೆ ಪಡೆಯುವುದು ಜೀವಿಸುವ ಹಕ್ಕಿನ ಭಾಗವೆಂದು 2025ರ ಏಪ್ರಿಲ್ 30ರಂದು ನ್ಯಾಯಾಲಯ ಹೇಳಿತು.

ಇನ್ನುಳಿದದ್ದು ಕಚೇರಿಯ ಮೇಜಿನ ಮೇಲಿನ ಕೆಲಸ. ಸುತ್ತೋಲೆಯನ್ನು ಯುನಿಕೋಡ್‌ನಲ್ಲಿ ಟೈಪಿಸಿ ಹಾಗೆಯೇ ಹಾಕಬೇಕು. ಗುಂಡಿಗೆ ‘ಅರ್ಜಿ ಸಲ್ಲಿಸಿ’ ಎಂದು ಹೆಸರು ಕೊಡಬೇಕು. ಅಷ್ಟಾದರೆ ಕುರ್ತಕೋಟಿಯ ಅಂಧ ಹುಡುಗಿಯೊಬ್ಬಳು ತನ್ನ ಫಲಿತಾಂಶವನ್ನು ಬೇರೆಯವರ ಬಾಯಿಂದ ಕೇಳುವ ಮೊದಲೇ ತಾನೇ ಓದಿಕೊಳ್ಳುತ್ತಾಳೆ.