ಫೋನ್ ನಮ್ಮದು, ಬೀಗದ ಕೈ ಯಾರದು?

ಆಫೀಸಿನ ಕಾರ್ಡ್‌ಲೆಸ್ ಫೋನ್ ಸುಮ್ಮನಾದರೆ ಎಲ್ಲರೂ ಮೊದಲು ಹ್ಯಾಂಡ್‌ಸೆಟ್ಟಿನ ಬ್ಯಾಟರಿ ತೆಗೆದು ಹಾಕ್ತಾರೆ. ಆದರೆ ಇಡೀ ಕಟ್ಟಡದ ಫೋನುಗಳು ಒಟ್ಟಿಗೆ ಸತ್ತರೆ ನೋಡಬೇಕಾದ್ದು ಮೂಲೆಯ ರ‍್ಯಾಕಿನಲ್ಲಿ ಧೂಳು ತಿನ್ನುತ್ತ ಕೂತಿರುವ ಪೆಟ್ಟಿಗೆಯನ್ನು. ಅದೇ ಕಂಟ್ರೋಲರ್.

ಗೋಡೆಗೆ ಹಚ್ಚಿದ ಬೇಸ್ ಸ್ಟೇಷನ್‌ಗಳದು ರೇಡಿಯೊ ಕೆಲಸ. ಯಾವ ಹ್ಯಾಂಡ್‌ಸೆಟ್ ನಮ್ಮದು, ಅದರ ನಂಬರ್ ಏನು, ಈಗ ಯಾವ ಬೇಸಿನ ಹತ್ತಿರ ಇದೆ, ಬಂದ ಕರೆಯನ್ನು ಎಲ್ಲಿಗೆ ಕಳಿಸಬೇಕು ಎಂಬ ಲೆಕ್ಕ ಕಂಟ್ರೋಲರಿನದು.

ಕಲಬುರಗಿಯ ಖೂಬಾ ಪ್ಲಾಟಿನ ಸುತ್ತಮುತ್ತ ನಾನು ಇಂಥ ಫೋನ್ ವ್ಯವಸ್ಥೆ ನೋಡಿಕೊಳ್ತೀನಿ. ಬೇಸಿಗೆಯಲ್ಲಿ ಇಲ್ಲಿ 40 ಡಿಗ್ರಿ ದಾಟುತ್ತೆ. ಪೆಟ್ಟಿಗೆಯ ಫ್ಯಾನಿಗೆ ಧೂಳು ಕಟ್ಟುತ್ತೆ, ಒಳಗಿನ ಕೆಪಾಸಿಟರ್ ಒಣಗುತ್ತೆ. ಫ್ಯಾನ್ ಒರೆಸೋದು, ಯುಪಿಎಸ್ ನೋಡೋದು, ಸೆಟ್ಟಿಂಗ್ಸಿನ ಬ್ಯಾಕಪ್ ತೆಗೆದು ಬೇರೆ ಕಡೆ ಇಡೋದು: ನಿರ್ವಹಣೆ ಅಂದ್ರೆ ಬಹುತೇಕ ಇಷ್ಟೇ.

"ಹೊಸಾದು ತಂದು ಹಚ್ಚಿದ್ರ ಆಯ್ತಲ್ರಿ?" ಅಂತ ಕೇಳ್ತಾರೆ. ಅಷ್ಟು ಸುಲಭ ಇಲ್ರಿ. ಡೆಕ್ಟ್ ತಂತ್ರಜ್ಞಾನದಲ್ಲಿ ಪ್ರತಿ ವ್ಯವಸ್ಥೆಗೂ ಒಂದು ಗುರುತಿನ ಸಂಖ್ಯೆ ಇರುತ್ತೆ. ಹ್ಯಾಂಡ್‌ಸೆಟ್‌ಗಳು ಅದನ್ನೇ ನಂಬಿಕೊಂಡಿರುತ್ತವೆ. ಹೊಸ ಪೆಟ್ಟಿಗೆಗೆ ಅದೇ ಫರ್ಮ್‌ವೇರ್, ಅದೇ ಐಪಿ ವಿಳಾಸ ಕೊಟ್ಟು, ಹಳೆಯ ಬ್ಯಾಕಪ್ ಹಾಕಿದರೆ ಅವು ತಾವೇ ಸೇರಿಕೊಳ್ಳಬಹುದು. ಗುರುತು ಬದಲಾದರೆ ಒಂದೊಂದನ್ನೂ ಕೈಯಿಂದ ಮತ್ತೆ ನೋಂದಾಯಿಸಬೇಕು.

ಒಂದು ಆಫೀಸಿನಲ್ಲಿ ನನಗೆ ಆದದ್ದು ಇದೇ. ಲೈಸೆನ್ಸ್ ಸತ್ತ ಪೆಟ್ಟಿಗೆಯ ಸೀರಿಯಲ್ ನಂಬರಿಗೆ ಕಟ್ಟಿತ್ತು. ಪಾಸ್‌ವರ್ಡ್ ಇದ್ದದ್ದು, ಒಪ್ಪಂದ ಮುಗಿಸಿ ಹೋದ ಮಾರಾಟಗಾರರ ಹತ್ತಿರ. ದುಡ್ಡು ಕೊಟ್ಟವರ ಕೈಯಲ್ಲಿ ಉಳಿದದ್ದು ಬರೀ ಪ್ಲಾಸ್ಟಿಕ್ಕು.

ಹೀಗೇ ಇರಬೇಕೆಂದೇನಿಲ್ಲ. 1986ರಲ್ಲಿ ಸಿ-ಡಾಟ್ ತನ್ನ ಮೊದಲ ಗ್ರಾಮೀಣ ಟೆಲಿಫೋನ್ ಎಕ್ಸ್‌ಚೇಂಜ್ ಹಾಕಿದ್ದು ನಮ್ಮ ಕಿತ್ತೂರಿನಲ್ಲಿ. 128 ಪೋರ್ಟಿನ ಆ ಯಂತ್ರ ಎಸಿ ಇಲ್ಲದೆ ನಡೆಯುವಂತೆ, ಕೆಟ್ಟ ಕಾರ್ಡ್ ಕಿತ್ತು ಇನ್ನೊಂದು ಸಿಕ್ಕಿಸುವಂತೆ ರೂಪುಗೊಂಡಿತ್ತು. ನಮ್ಮ ಬಿಸಿಲು, ನಮ್ಮ ಧೂಳು, ನಮ್ಮ ರಿಪೇರಿಯವರು ಆ ವಿನ್ಯಾಸದ ಲೆಕ್ಕದಲ್ಲಿದ್ದರು.

2022ರ ಡಿಸೆಂಬರಿನಲ್ಲಿ ಕೇಂದ್ರ ಸರ್ಕಾರ 'ರೈಟ್ ಟು ರಿಪೇರ್' ಪೋರ್ಟಲ್ ತೆರೆಯಿತು. ಅದಕ್ಕೆ ಆರಿಸಿದ ಕ್ಷೇತ್ರಗಳು ನಾಲ್ಕು: ಕೃಷಿ ಯಂತ್ರ, ಮೊಬೈಲ್-ಟ್ಯಾಬ್ಲೆಟ್, ಗೃಹೋಪಯೋಗಿ ವಸ್ತು, ವಾಹನ. ಆಫೀಸಿನ ಫೋನ್ ವ್ಯವಸ್ಥೆ ಆ ಪಟ್ಟಿಯಲ್ಲಿರಲಿಲ್ಲ. ಹಾಗಾಗಿ ಸದ್ಯಕ್ಕೆ ನಮ್ಮ ರಕ್ಷಣೆ ಇರುವುದು ಖರೀದಿ ಒಪ್ಪಂದದಲ್ಲಿ.

ಅದರಲ್ಲಿ ನಾಲ್ಕು ಮಾತು ಇರಲೇಬೇಕು. ಅಡ್ಮಿನ್ ಪಾಸ್‌ವರ್ಡ್ ಖರೀದಿಸಿದವರ ಹತ್ತಿರ ಇರುತ್ತಾ? ಪೆಟ್ಟಿಗೆ ಸತ್ತರೆ ಲೈಸೆನ್ಸ್ ಉಚಿತವಾಗಿ ಹೊಸದಕ್ಕೆ ಬರುತ್ತಾ? ಎಷ್ಟು ವರ್ಷ ಬಿಡಿಭಾಗ ಸಿಗುತ್ತೆ? ಬ್ಯಾಕಪ್ಪನ್ನು ಬೇರೆ ರಿಪೇರಿಯವರು ತೆರೆಯಬಹುದಾ?

ಸರ್ಕಾರಿ ಕಚೇರಿಯಾದರೆ ಆ ಒಪ್ಪಂದದ ಪ್ರತಿಯನ್ನು ನೀವೇ ಕೇಳಬಹುದು. ಮಾಹಿತಿ ಹಕ್ಕು ಅರ್ಜಿಗೆ ₹10. ಅಲ್ಲಿ ದೂರು ಹೇಳಲು ಫೋನ್ ಮಾಡಿದವರ ಕರೆಯೂ ಅದೇ ಪೆಟ್ಟಿಗೆ ದಾಟಿಯೇ ಹೋಗಬೇಕು.